ಟ್ರೇನರ್ ಸರ್ಟಿಫಿಕೇಟ್ ರಿನ್ಯೂವಲ್: ಕಟ್ಟೋದಾ, ಬಿಡೋದಾ, ಬೇರೆ ಹಿಡಿಯೋದಾ?

ಕಳೆದ ಒಂದೂವರೆ ತಿಂಗಳಲ್ಲಿ ಮೂರು ಜನ ನನಗೆ ಒಂದೇ ಪ್ರಶ್ನೆ ಕೇಳಿದ್ದಾರೆ. ಮೊದಲನೆಯವನು ಇಲ್ಲೇ ಬಳ್ಳಾರಿಯ ಇನ್ನೊಂದು ಜಿಮ್‌ನಲ್ಲಿ ಫ್ಲೋರ್ ಟ್ರೇನರ್. ಎರಡನೆಯವನು ಗಂಗಾವತಿಯವನು, ದುಬೈಗೆ ಹೋಗುವ ಓಡಾಟದಲ್ಲಿದ್ದಾನೆ. ಮೂರನೆಯವಳು ರಾಯಚೂರಿನಲ್ಲಿ ಬೆಳಿಗ್ಗೆ ಹೆಣ್ಣುಮಕ್ಕಳ ಬ್ಯಾಚ್ ನಡೆಸುತ್ತಾಳೆ. "ಅಣ್ಣಾ, ಸರ್ಟಿಫಿಕೇಟ್ ಡೇಟ್ ಮುಗೀತಾ ಬಂತು, ರಿನ್ಯೂ ಮಾಡಿಸ್ಲಾ, ಬಿಟ್ಬಿಡ್ಲಾ?" ಮೂವರ ಹತ್ತಿರ ಇರುವುದೂ ಅಮೆರಿಕದ ಸಂಸ್ಥೆಗಳ ಪರ್ಸನಲ್ ಟ್ರೇನರ್ ಸರ್ಟಿಫಿಕೇಟ್, ಅದಕ್ಕೆ ಮುಗಿಯುವ ಡೇಟ್ ಇರುತ್ತದೆ. ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಆಮೇಲೆ ನೆನಪಾಯಿತು, ಮೂವರೂ ಒಂದೇ ವಾಟ್ಸಾಪ್ ಗ್ರೂಪಿನಲ್ಲಿದ್ದಾರೆ. "ಅವನಿಗೆ ಕಟ್ಟು ಅಂದ್ರಿ, ನನಗೆ ಬಿಡು ಅಂದ್ರಿ, ಏನಣ್ಣ ಇದು" ಅಂತ ಶುರುವಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಮ್ಮಲ್ಲಿ ಪರ್ಸನಲ್ ಟ್ರೇನರ್ ಆಗಲು ಸರ್ಕಾರದ ಲೈಸೆನ್ಸ್ ಬೇಕು ಅನ್ನುವ ಕಾನೂನಿಲ್ಲ. ಗರಡಿ ಮನೆಯ ಉಸ್ತಾದರು ಯಾವ ಕಾಗದ ಇಟ್ಟುಕೊಂಡು ಹುಡುಗರಿಗೆ ಸಂಗ್ರಾಣಿ ಕಲ್ಲು ಎತ್ತಿಸಿದರು ಹೇಳಿ? ಆದ್ದರಿಂದ ಡೇಟ್ ಮುಗಿದ ಮರುದಿನ ಪೊಲೀಸರು ಬಂದು ಜಿಮ್ ಬಾಗಿಲು ಹಾಕಿಸುವುದಿಲ್ಲ. ಇದು ಪೂರ್ತಿ ಲೆಕ್ಕಾಚಾರದ ವಿಷಯ. ಹಾಕಿದ ದುಡ್ಡು, ಕೊಟ್ಟ ಸಮಯ ವಾಪಸ್ ಬರುತ್ತದಾ ಅಂತಷ್ಟೇ ನೋಡಬೇಕು.

ಯಾವುದರ ಮೇಲೆ ಅಳೆಯುವುದು

ನಾನು ಕೇಳುವ ಮೊದಲ ಪ್ರಶ್ನೆ: ನಿಮ್ಮ ಕಾಗದವನ್ನು ಯಾರು ನೋಡುತ್ತಾರೆ? ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ. ಕೌಲ್ ಬಜಾರಿನ ಒಂದು ಜಿಮ್‌ಗೆ ಬರುವ ಕ್ಲೈಂಟು ಗೋಡೆಗೆ ಹಾಕಿದ ಫ್ರೇಮ್ ನೋಡುತ್ತಾನೆ, ಕೆಳಗೆ ಮೂಲೆಯಲ್ಲಿರುವ ಡೇಟ್ ನೋಡುವುದಿಲ್ಲ. ಬೆಂಗಳೂರಿನ ದೊಡ್ಡ ಚೈನ್ ಜಿಮ್‌ನವರು ಇಂಟರ್ವ್ಯೂನಲ್ಲಿ ನೋಡಬಹುದು. ಯುಎಇ ಕಡೆ ಟ್ರೇನರ್‌ಗಳ ರಿಜಿಸ್ಟ್ರಿ ಇದೆ, ರೆಪ್ಸ್ ಅಂತಾರೆ. ಅವರಿಗೆ ಕಾಗದವೇ ಎಲ್ಲ. ನಿಮ್ಮ ಮುಂದಿನ ಎರಡು ವರ್ಷ ಈ ಮೂರರಲ್ಲಿ ಎಲ್ಲಿ ಅನ್ನೋದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ.

ಎರಡನೆಯದು ಒಟ್ಟು ಖರ್ಚು. ರಿನ್ಯೂವಲ್ ಫೀ ಒಂದೇ ಅಲ್ಲ, ಕಂಟಿನ್ಯೂಯಿಂಗ್ ಎಜುಕೇಶನ್ (ಸರ್ಟಿಫಿಕೇಟ್ ಉಳಿಸಿಕೊಳ್ಳಲು ಮತ್ತೆ ಓದಬೇಕಾದ) ಕೋರ್ಸುಗಳ ದುಡ್ಡು, ಸಿಪಿಆರ್ (ಎದೆಬಡಿತ ನಿಂತವರ ಎದೆ ಒತ್ತಿ ಉಸಿರು ಕೊಡುವುದು) ಕ್ಲಾಸಿನ ದುಡ್ಡು, ಆ ಕ್ಲಾಸಿಗೆ ಊರು ಬಿಟ್ಟು ಹೋದರೆ ಬಸ್ಸು-ರೈಲು, ಅವತ್ತು ತಪ್ಪಿದ ಪಿಟಿ (ಪರ್ಸನಲ್ ಟ್ರೇನಿಂಗ್) ಸೆಶನ್ನುಗಳು, ಎಲ್ಲ ಸೇರಿಸಿ. ಮೂರನೆಯದು ಇಂಗ್ಲಿಷ್. ಅಮೆರಿಕದ ಸಂಸ್ಥೆಗಳ ಓದು, ಕ್ವಿಜ್ ಎಲ್ಲ ಇಂಗ್ಲಿಷಿನಲ್ಲಿ. ಇಪ್ಪತ್ತು ಗಂಟೆಯ ಓದು ಕೆಲವರಿಗೆ ನಲವತ್ತು ಗಂಟೆ ಹಿಡಿಯುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳಿ ಅಷ್ಟೇ. ನಾಲ್ಕನೆಯದು ಡೇಟಿಗೆ ಎಷ್ಟು ದಿನ ಉಳಿದಿದೆ ಅನ್ನೋದು. ಆರು ತಿಂಗಳಿದ್ದರೆ ಎಲ್ಲ ದಾರಿಯೂ ತೆರೆದಿದೆ. ಆರು ದಿನ ಇದ್ದರೆ ದುಬಾರಿ ದಾರಿ ಮಾತ್ರ ಉಳಿದಿರುತ್ತದೆ.

ಯಾವ ಸಂಸ್ಥೆ ಏನು ಕೇಳುತ್ತದೆ

ಇಲ್ಲಿ ಅಂಕಿಗಳು ಜನರನ್ನು ಸುಮ್ನೆ ಹೆದರಿಸುತ್ತವೆ. ಸರ್ಟಿಫಿಕೇಟ್ ಕೊಡುವ ಅಮೆರಿಕದ ಸಂಸ್ಥೆಗಳಲ್ಲಿ ಏಸ್ (ACE), ನ್ಯಾಸಮ್ (NASM), ಇಸ್ಸಾ (ISSA) ಮೂರೂ ಎರಡು ವರ್ಷಕ್ಕೊಮ್ಮೆ ರಿನ್ಯೂವಲ್ ಕೇಳುತ್ತವೆ, ಮೂರಕ್ಕೂ 20 ಗಂಟೆಯ ಓದು ಬೇಕು. ಇದನ್ನೇ 2.0 ಕ್ರೆಡಿಟ್ ಅಂತ ಬರೆಯುತ್ತಾರೆ. ಅಲ್ಲಿನದೇ ಇನ್ನೊಂದು ಸಂಸ್ಥೆ ಎಸಿಎಸ್‌ಎಮ್‌ನವರದು (ACSM) ಮೂರು ವರ್ಷಕ್ಕೊಮ್ಮೆ, 45 ಕ್ರೆಡಿಟ್. "ಅಣ್ಣಾ ಇವರು ಎರಡು ಕೇಳ್ತಾರೆ, ಅವರು ನಲವತ್ತೈದು ಕೇಳ್ತಾರೆ, ಇಷ್ಟೊಂದು ವ್ಯತ್ಯಾಸವಾ" ಅಂತ ಒಬ್ಬ ಕೇಳಿದ್ದ. ಅಷ್ಟೊಂದು ಇಲ್ಲಪ್ಪಾ. ಒಂದು ಕಡೆ ಹತ್ತು ಗಂಟೆಗೆ ಒಂದು ಅಂತ ಎಣಿಸುತ್ತಾರೆ, ಇನ್ನೊಂದು ಕಡೆ ಗಂಟೆಗೆ ಒಂದು ಅಂತ. ವರ್ಷಕ್ಕೆ ಹಂಚಿದರೆ ಒಂದು ಕಡೆ 10 ಗಂಟೆ, ಇನ್ನೊಂದು ಕಡೆ 15. ಎಸಿಎಸ್‌ಎಮ್ ಜಾಸ್ತಿ ಓದಿಸುತ್ತದೆ ನಿಜ, ಆದರೆ ಫೀ ಕಟ್ಟುವ ಗಲಾಟೆ ಮೂರು ವರ್ಷಕ್ಕೊಮ್ಮೆ ಮಾತ್ರ.

ಎನ್‌ಎಸ್‌ಸಿಎ (NSCA) ಅನ್ನುವ ಮತ್ತೊಂದು ಅಮೆರಿಕದ ಸಂಸ್ಥೆಯ ಲೆಕ್ಕ ಬೇರೆ. ಅಲ್ಲಿ ಎಲ್ಲರಿಗೂ ಒಂದೇ ಮೂರು ವರ್ಷದ ಸುತ್ತು, ಈಗಿನ ಸುತ್ತು 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಸುತ್ತಿನ ಶುರುವಿಗೂ ಮುಂಚೆ ಪಾಸಾದವರಿಗೆ 6.0 ಸಿಇಯು (ಓದಿನ ಕ್ರೆಡಿಟ್), ನಡುವೆ ಪಾಸಾದವರಿಗೆ ಅದಕ್ಕಿಂತ ಕಡಿಮೆ. ಪಾಸಾಗಿ ಒಂದೇ ವರ್ಷ ಆಗಿದ್ದರೂ ಡೇಟ್ ಬಂದುಬಿಡಬಹುದು, ಹಾಗಾಗಿ ಎನ್‌ಎಸ್‌ಸಿಎ ಹುಡುಗರು ಮೊದಲು ತಮ್ಮ ಅಕೌಂಟ್ ತೆಗೆದು ನೋಡಿ.

ಫೀ ವಿಷಯ. ನ್ಯಾಸಮ್ ಮತ್ತು ಇಸ್ಸಾ ಎರಡರದ್ದೂ 99 ಡಾಲರ್ ಅಂತ ಇಟ್ಟುಕೊಳ್ಳಿ, ಏಸ್ ಅದಕ್ಕಿಂತ ಸ್ವಲ್ಪ ಮೇಲೆ. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ ಬರೀ ಫೀ ಎಂಟು ಸಾವಿರದ ನಾನೂರರ ಮೇಲೆ. ಅದರ ಮೇಲೆ ಬ್ಯಾಂಕಿನವರು ವಿದೇಶಿ ಪೇಮೆಂಟ್ ಅಂತ ಶೇಕಡಾ ಎರಡೋ ಮೂರೋ ಹಾಕುತ್ತಾರೆ, ಆ ಚಾರ್ಜಿನ ಮೇಲೆ ಮತ್ತೆ ಜಿಎಸ್‌ಟಿ. ಫೀ ಆಗಾಗ ಬದಲಾಗುತ್ತದೆ, ಆಫರ್ ಕೂಡ ಬರುತ್ತದೆ, ಕೊನೆಗೆ ಅಕೌಂಟ್ ಒಳಗೆ ಕಾಣುವ ಅಂಕಿಯೇ ನಿಜ. ಹನ್ನೆರಡು ಸಾವಿರ ಸಂಬಳ ಎಣಿಸುವ ಫ್ಲೋರ್ ಟ್ರೇನರ್‌ಗೆ ಇದು ಮುಕ್ಕಾಲು ತಿಂಗಳ ಅನ್ನ. ಅದನ್ನು ಮರೆತು "ಇನ್ವೆಸ್ಟ್‌ಮೆಂಟ್ ಬ್ರೋ" ಅನ್ನುವವರ ಮಾತು ಕೇಳಬೇಡಿ.

ಸಿಪಿಆರ್: ಇದಕ್ಕೆ ಹೋಲಿಕೆ ಇಲ್ಲ

ಯಾವ ದಾರಿ ಹಿಡಿದರೂ ಇದು ಬೇಕೇ ಬೇಕು, ಅದಕ್ಕೇ ಆಯ್ಕೆಗಳ ಮಾತಿಗೆ ಮುಂಚೆ ಹೇಳಿಬಿಡುತ್ತೇನೆ. ಈ ಅಮೆರಿಕದ ಸಂಸ್ಥೆಗಳೆಲ್ಲ ರಿನ್ಯೂವಲ್‌ಗೆ ಚಾಲ್ತಿಯಲ್ಲಿರುವ ಸಿಪಿಆರ್ ಕಾರ್ಡ್ ಕೇಳುತ್ತವೆ. ಹೆಚ್ಚಿನ ಕಡೆ ಆ ಕಾರ್ಡ್ ಒಪ್ಪಬೇಕಾದರೆ ಗೊಂಬೆಯ ಎದೆ ಮೇಲೆ ಕೈಯಿಟ್ಟು ಒತ್ತಿ ತೋರಿಸಿರಬೇಕು. ಪೂರ್ತಿ ಆನ್‌ಲೈನ್ ಕೋರ್ಸು ಎಲ್ಲ ಕಡೆ ನಡೆಯುವುದಿಲ್ಲ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಮೊದಲ ಸಲ ರಿನ್ಯೂ ಮಾಡುವಾಗ ಯಾವುದೋ ಒಂದು ವೆಬ್‌ಸೈಟಿನಲ್ಲಿ ಅಗ್ಗಕ್ಕೆ ಸಿಪಿಆರ್ ಸರ್ಟಿಫಿಕೇಟ್ ಕಂಡಿತು. ಇಪ್ಪತ್ತು ನಿಮಿಷದ ವಿಡಿಯೋ, ಹತ್ತು ಪ್ರಶ್ನೆ, ಚಿನ್ನದ ಬಣ್ಣದ ಅಂಚಿರುವ ಪಿಡಿಎಫ್. ಭಾರೀ ಖುಷಿಯಾಗಿ ಅಪ್‌ಲೋಡ್ ಮಾಡಿದೆ. ನಾಲ್ಕನೇ ದಿನ ತಿರಸ್ಕಾರವಾಗಿ ವಾಪಸ್ ಬಂತು. ಕೈಯಲ್ಲಿ ಆರು ದಿನ ಇತ್ತು, ಅಷ್ಟರಲ್ಲಿ ಎಲ್ಲೂ ಕ್ಲಾಸ್ ಸಿಗಲಿಲ್ಲ, ಲೇಟ್ ಫೀ ಕಟ್ಟಿದೆ. ಆ ಪಿಡಿಎಫ್ ಇನ್ನೂ ನನ್ನ ಫೋನಿನಲ್ಲಿದೆ.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್‌ಎಸ್ (ಸಿಪಿಆರ್ ಕಲಿಸುವ ಕೋರ್ಸು) ಕಾರ್ಡ್ ಎರಡು ವರ್ಷ ನಡೆಯುತ್ತದೆ, ಎಲ್ಲ ಕಡೆ ಒಪ್ಪುತ್ತಾರೆ. ಬೆಂಗಳೂರು, ಹೈದರಾಬಾದಿನಲ್ಲಿ ಅದರ ಟ್ರೇನಿಂಗ್ ಸೆಂಟರ್‌ಗಳಿವೆ. ಬಳ್ಳಾರಿ, ಕೊಪ್ಪಳದವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಇದೆ, ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಹೋಗುವ ಮುಂಚೆ ನಿಮ್ಮೂರಿನ ಮೆಡಿಕಲ್ ಕಾಲೇಜಿನಲ್ಲಿ, ದೊಡ್ಡ ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿ ನೋಡಿ, ನರ್ಸಿಂಗ್ ಸಿಬ್ಬಂದಿಗೆ ಅಂತ ಕ್ಲಾಸ್ ಇಟ್ಟಾಗ ಹೊರಗಿನವರನ್ನೂ ಸೇರಿಸಿಕೊಂಡರೆ ರೈಲು ಚಾರ್ಜ್ ಉಳಿಯಿತು. ಎಂಟ್ಹತ್ತು ಟ್ರೇನರ್‌ಗಳು ಒಟ್ಟಾದರೆ ಇನ್‌ಸ್ಟ್ರಕ್ಟರನ್ನೇ ಊರಿಗೆ ಕರೆಸಬಹುದು. ನಾವು ಒಂದು ಸಲ ಹಾಗೆ ಮಾಡಿದ್ದೇವೆ. ಮಧ್ಯಾಹ್ನದ ಊಟಕ್ಕೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ. ಎಣ್ಣೆ ನೋಡಿ ಇನ್‌ಸ್ಟ್ರಕ್ಟರ್ ನಕ್ಕರು, ಆದರೆ ಮೂರು ಬಜ್ಜಿ ತಿಂದರು.

ಡೇಟ್, ಕಾರ್ಡ್ ಎಲ್ಲ ಬಿಡಿ. 2021ರ ಅಕ್ಟೋಬರ್ 29ರಂದು ಅಪ್ಪು ಹೋದ ಮೇಲೆ ನಮ್ಮ ಜಿಮ್‌ಗಳಲ್ಲಿ ಕೆಲವು ತಿಂಗಳು ಬೇರೆ ಮಾತೇ ಇರಲಿಲ್ಲ. ಎದೆ ಸ್ವಲ್ಪ ಹಿಡಿದರೂ ಜನ ಟ್ರೆಡ್‌ಮಿಲ್ ಇಳಿದು ನಮ್ಮ ಮುಖ ನೋಡುತ್ತಿದ್ದರು. ಆಗ ನನಗೆ ನೆನಪಿದ್ದದ್ದು ಪ್ರೋಟೀನ್ ಲೆಕ್ಕ ಮಾತ್ರ. ಮೂವತ್ತು ಸಲ ಒತ್ತಿ ಎರಡು ಉಸಿರು, ನಿಮಿಷಕ್ಕೆ 100ರಿಂದ 120ರ ವೇಗ, ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳ ಅಂತ ಬಾಯಲ್ಲಿ ಹೇಳುವುದು ಸುಲಭ. ಎರಡು ನಿಮಿಷ ಒತ್ತಿದರೆ ಬೆಂಚ್ ಪ್ರೆಸ್ ಮಾಡುವ ಗಂಡಿಗೂ ಭುಜ ಸೋಲುತ್ತದೆ. 108ರ ಗಾಡಿ ಬರುವವರೆಗೆ ಯಾರು ಯಾರ ಬದಲಿಗೆ ಒತ್ತಬೇಕು, ಯಾರು ಫೋನ್ ಮಾಡಬೇಕು ಅಂತ ಜಿಮ್‌ನವರು ಮೊದಲೇ ಮಾತಾಡಿಕೊಂಡಿರಬೇಕು. ಸರ್ಟಿಫಿಕೇಟ್ ಬಿಟ್ಟುಬಿಡಲು ತೀರ್ಮಾನಿಸಿದವರಿಗೂ ನಾನು ಹೇಳುವುದು ಇದನ್ನೇ: ಅದನ್ನು ಬಿಡಿ, ಇದನ್ನು ಬಿಡಬೇಡಿ.

ಇನ್ನು ದಾರಿಗಳು

ಅಗ್ಗದ ದಾರಿ ಅಂದರೆ ಬಿಡಿ ಬಿಡಿಯಾಗಿ ಕ್ರೆಡಿಟ್ ಕೂಡಿಸುವುದು. ಒಂದು ಗಂಟೆಯದ್ದು, ಎರಡು ಗಂಟೆಯದ್ದು, ಸಣ್ಣ ಆನ್‌ಲೈನ್ ಕೋರ್ಸುಗಳು. ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಒಂದು ಗಂಟೆ ಕೂಡ ಬರುವುದಿಲ್ಲ. ನಾವು ಹಾಗೆ ಹಂಚುತ್ತೇವಾ? ಇಲ್ಲ. ಇಪ್ಪತ್ಮೂರು ತಿಂಗಳು ಸುಮ್ಮನಿದ್ದು ಕೊನೆ ತಿಂಗಳಲ್ಲಿ ಒಟ್ಟಿಗೆ ಮಾರುವ ಕೋರ್ಸುಗಳ ಬಂಡಲ್ ಹುಡುಕುತ್ತೇವೆ. ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ: ಏಸ್ ಒಪ್ಪಿದ ಕೋರ್ಸನ್ನು ನ್ಯಾಸಮ್ ತಾನಾಗಿಯೇ ಒಪ್ಪುವುದಿಲ್ಲ. ಕೊಳ್ಳುವ ಮುಂಚೆ ಆ ಪೇಜಿನಲ್ಲಿ ನಿಮ್ಮ ಸಂಸ್ಥೆಯ ಹೆಸರು, ಅದರ ಎದುರು ಎಷ್ಟು ಕ್ರೆಡಿಟ್ ಅಂತ ಕಣ್ಣಾರೆ ನೋಡಿ. ಪಟ್ಟಿಯಲ್ಲಿಲ್ಲದ ಕೋರ್ಸಿಗೆ ಬೇರೆ ಅರ್ಜಿ ಹಾಕಬಹುದು, ಕೆಲವು ಕಡೆ ಅದಕ್ಕೂ ಫೀ ಇದೆ. ಮುಗಿಸಿದ ಪ್ರತಿ ಸರ್ಟಿಫಿಕೇಟನ್ನೂ ಒಂದು ಫೋಲ್ಡರಿನಲ್ಲಿಡಿ. ಎಸಿಎಸ್‌ಎಮ್‌ನಂಥವರು ಕೆಲವರನ್ನು ಆರಿಸಿ ಆಡಿಟ್ ಮಾಡುತ್ತಾರೆ.

ವಿಷಯ ಆರಿಸುವಾಗ ನಮ್ಮ ಊರನ್ನು ನೋಡಿ ಆರಿಸಿ. ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಎಷ್ಟೋ ಜಿಮ್‌ಗಳಲ್ಲಿ ಫ್ಯಾನೇ ಗತಿ. ಬಿಸಿಲಿಗೆ ದೇಹ ಹೇಗೆ ಸೋಲುತ್ತದೆ ಅನ್ನುವ ಕೋರ್ಸು ನಮಗೆ ಬೇಕು. ಶುಗರ್, ಬಿಪಿ ಇರುವವರ ವ್ಯಾಯಾಮ ಬೇಕು, ಬೆಳಗಿನ ಬ್ಯಾಚಿನ ಅಂಕಲ್‌ಗಳಲ್ಲಿ ಮಾತ್ರೆ ತಿನ್ನದವರು ಯಾರಿದ್ದಾರೆ? ಕೆಟಲ್‌ಬೆಲ್ ಹತ್ತು ಬಗೆ ತಿರುಗಿಸುವ ಕೋರ್ಸು ನೋಡಲು ಚೆಂದ, ಅಷ್ಟೇ.

ಇನ್ನೊಂದು ದಾರಿ, ಒಂದೇ ದೊಡ್ಡ ಸ್ಪೆಷಲೈಸೇಶನ್ (ಒಂದೇ ವಿಷಯದ ಆಳವಾದ ಕೋರ್ಸು) ಕೊಂಡು ಎಲ್ಲ ಕ್ರೆಡಿಟ್ ಒಂದೇ ಏಟಿಗೆ ಮುಗಿಸುವುದು. ನ್ಯಾಸಮ್‌ನ ಕರೆಕ್ಟಿವ್ ಎಕ್ಸರ್‌ಸೈಸ್ ಕೋರ್ಸಿಗೆ 1.9 ಕ್ರೆಡಿಟ್, ಸಿಪಿಆರ್‌ನ 0.1 ಸೇರಿಸಿದರೆ ಸರಿಯಾಗಿ 2.0. ಅವರು ಹಾಗೆಯೇ ಲೆಕ್ಕ ಹಾಕಿ ಇಟ್ಟಿದ್ದಾರೆ ಬಿಡಿ, ವ್ಯಾಪಾರ. ಇಸ್ಸಾದವರು ತಮ್ಮದೇ 20 ಗಂಟೆಯ ಕೋರ್ಸ್ ಕೊಂಡರೆ ರಿನ್ಯೂವಲ್ ಫೀ ಬಿಡುತ್ತಾರೆ. ಖರ್ಚು ಮೊದಲನೆಯದಕ್ಕಿಂತ ಎಷ್ಟೋ ಪಟ್ಟು. ಆದರೆ ಕೈಗೆ ಹೊಸ ಸರ್ಟಿಫಿಕೇಟ್ ಬರುತ್ತದೆ, ಪಿಟಿ ರೇಟ್ ಏರಿಸಲು ಒಂದು ಕಾರಣ ಸಿಗುತ್ತದೆ. ಈಗಾಗಲೇ ಐದಾರು ಪಿಟಿ ಕ್ಲೈಂಟುಗಳಿದ್ದು, ಅವರಲ್ಲಿ ಮೊಣಕಾಲು, ಸೊಂಟ ನೋವಿನವರು ಜಾಸ್ತಿ ಇದ್ದರೆ ಇದು ಒಳ್ಳೆಯದು. ಕ್ಲೈಂಟೇ ಇಲ್ಲದೆ ಸ್ಪೆಷಲೈಸೇಶನ್ ಕೊಳ್ಳುವುದು ಮಾತ್ರ ಮದುವೆ ಗೊತ್ತಾಗುವ ಮುಂಚೆ ತೊಟ್ಟಿಲು ತಂದಂತೆ.

ನ್ಯಾಸಮ್‌ನಲ್ಲಿ "ಜೀವನಪೂರ್ತಿ" ಅಂತ ಒಂದು ಸ್ಕೀಮ್ ಇದೆ, ಒಂದು ಸಲ ದೊಡ್ಡ ಮೊತ್ತ ಕಟ್ಟಿದರೆ ಮತ್ತೆ ರಿನ್ಯೂವಲ್ ಫೀ ಇಲ್ಲ. ಕೇಳಿದ ತಕ್ಷಣ ಎಲ್ಲರೂ ಸಂತೋಷ ಪಡುತ್ತಾರೆ. ಆದರೆ ಎರಡು ವರ್ಷಕ್ಕೊಮ್ಮೆ ಓದು, ಸಿಪಿಆರ್ ಎರಡೂ ಆಗಲೂ ಬೇಕು. ತಪ್ಪುವುದು ಫೀ ಮಾತ್ರ. ಹಾಗಾಗಿ ಅವರು ಹೇಳುವ ಮೊತ್ತವನ್ನು ಒಂದು ರಿನ್ಯೂವಲ್ ಫೀಯಿಂದ ಭಾಗಿಸಿ. ನಾಲ್ಕು ಬಂತು ಅಂದರೆ ಎಂಟು ವರ್ಷ ಈ ಕೆಲಸದಲ್ಲೇ ಇರುತ್ತೇನೆ ಅನ್ನೋ ಧೈರ್ಯ ಬೇಕು. ನನ್ನ ಜೊತೆ ಶುರು ಮಾಡಿದ ಹುಡುಗರಲ್ಲಿ ಇಬ್ಬರು ಈಗ ತೋರಣಗಲ್ಲಿನಲ್ಲಿ ಕಾರ್ಖಾನೆ ಕೆಲಸಕ್ಕಿದ್ದಾರೆ, ಒಬ್ಬ ಜೀನ್ಸ್ ಯೂನಿಟ್ ಇಟ್ಟಿದ್ದಾನೆ. ನಾನಂತೂ ಕಟ್ಟಲಿಲ್ಲ.

ಇನ್ನು ಅಮೆರಿಕದ್ದು ಬಿಟ್ಟು ನಮ್ಮದೇ ಹಿಡಿಯುವುದು. ಕ್ರೀಡೆ, ಫಿಟ್ನೆಸ್ ಕ್ಷೇತ್ರಕ್ಕೆ ಅಂತ ಸ್ಪೆಫಲ್ ಅನ್ನುವ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಇದೆ, ಎನ್‌ಎಸ್‌ಡಿಸಿ (ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮ) ಅಡಿಯಲ್ಲಿ. ಅದರಲ್ಲಿ ಫಿಟ್ನೆಸ್ ಟ್ರೇನರ್ ಅನ್ನುವ ಅರ್ಹತೆ ಇದೆ. ದುಡ್ಡು ರೂಪಾಯಿಯಲ್ಲಿ, ಮೇಲೆ ಸರ್ಕಾರಿ ಸ್ಕಿಲ್ ಇಂಡಿಯಾ ಮುದ್ರೆ. ನಮ್ಮ ಕಡೆ ಮುದ್ರೆಗೆ ಬೆಲೆ ಜಾಸ್ತಿ ಅಲ್ವಾ, ಶಾಲೆ, ಹಾಸ್ಟೆಲ್, ಕಂಪನಿ ಜಿಮ್‌ಗಳಲ್ಲಿ ಕೆಲಸ ಕೇಳುವಾಗ ತೋರಿಸಲು ಚೆನ್ನಾಗಿರುತ್ತದೆ. ಖಾಸಗಿ ಫಿಟ್ನೆಸ್ ಅಕಾಡೆಮಿಗಳೂ ಬೇಕಾದಷ್ಟಿವೆ. ಸೇರುವ ಮುಂಚೆ ಎರಡೇ ಪ್ರಶ್ನೆ ಕೇಳಿ: ಈ ಸರ್ಟಿಫಿಕೇಟಿಗೆ ಮುಗಿಯುವ ಡೇಟ್ ಇದೆಯಾ, ಇದ್ದರೆ ರಿನ್ಯೂವಲ್‌ಗೆ ಏನು ಕೇಳುತ್ತೀರಿ? ಉತ್ತರ ತಡವರಿಸಿದರೆ ಚಹಾ ಕುಡಿದು ಎದ್ದು ಬನ್ನಿ.

ತೋರಣಗಲ್ಲು ಹತ್ತಿರದ ವಿಜಯನಗರದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾದ ಮೇಲೆ, ನೀರಜ್ ಚೋಪ್ರಾ ಅಲ್ಲಿ ಪ್ರಾಕ್ಟೀಸ್ ಮಾಡಿದ ಮೇಲೆ, ನಮ್ಮ ಹುಡುಗರಿಗೆ ಅಥ್ಲೀಟ್‌ಗಳ ಜೊತೆ ಕೆಲಸ ಮಾಡುವ ಆಸೆ ಬಂದಿದೆ. ಆ ಆಸೆ ನಿಜವಾಗಿದ್ದರೆ ಪರ್ಸನಲ್ ಟ್ರೇನರ್ ರಿನ್ಯೂವಲ್‌ಗೆ ದುಡ್ಡು ಹಾಕುವುದಕ್ಕಿಂತ ದಾರಿಯನ್ನೇ ಬದಲಿಸಿ. ಎನ್‌ಎಸ್‌ಸಿಎಯ ಸಿಎಸ್‌ಸಿಎಸ್ (ಅಥ್ಲೀಟ್‌ಗಳ ಸ್ಟ್ರೆಂತ್ ಕೋಚ್ ಆಗುವವರ) ಪರೀಕ್ಷೆಗೆ ಡಿಗ್ರಿ ಬೇಕು. ಬಿಪಿಎಡ್ (ದೈಹಿಕ ಶಿಕ್ಷಣದ ಡಿಗ್ರಿ) ಎರಡು ವರ್ಷ. ಉದ್ದದ ದಾರಿ, ಆದರೆ ಡಿಗ್ರಿಗೆ ಎಕ್ಸ್‌ಪೈರಿ ಡೇಟ್ ಇಲ್ಲ.

ಕೊನೆಯ ದಾರಿ, ಸುಮ್ಮನೆ ಬಿಟ್ಟುಬಿಡುವುದು. ಇದೂ ಒಂದು ಆಯ್ಕೆಯೇ. ಆದರೆ ಬಿಡುವ ಮುಂಚೆ ವಾಪಸ್ ಬರುವ ದಾರಿಯ ಬೆಲೆ ತಿಳಿದುಕೊಳ್ಳಿ. ಡೇಟ್ ದಾಟಿದ ಮೇಲೆ ಸ್ವಲ್ಪ ಕಾಲ ಲೇಟ್ ಫೀ ಕಟ್ಟಿ ಉಳಿಸಿಕೊಳ್ಳಬಹುದು, ಅದೂ ದಾಟಿದರೆ ಮತ್ತೆ ಪರೀಕ್ಷೆ. ಅದೇ ಪುಸ್ತಕ, ಅದೇ ಮಸಲ್ ಹೆಸರುಗಳು, ಅದೇ ಎದೆಬಡಿತ. ರಿನ್ಯೂವಲ್‌ಗೆ ಕಟ್ಟುವ ದುಡ್ಡಿನ ಎಷ್ಟೋ ಪಟ್ಟು ಹೋಗುತ್ತದೆ. ಮುಂದಿನ ಎರಡು ವರ್ಷದಲ್ಲಿ ಊರು ಬಿಡುವ ಯೋಚನೆ ಕಾಲು ಭಾಗ ಇದ್ದರೂ ಬಿಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಆ ಮೂವರಿಗೆ ನಾನು ಹೇಳಿದ್ದು

ಗಂಗಾವತಿಯವನದು ಸುಲಭ. ಅವನ ಹತ್ತಿರ ನ್ಯಾಸಮ್ ಇದೆ, ದುಬೈ ಕೆಲಸ ಬೇಕು. ರೆಪ್ಸ್ ರಿಜಿಸ್ಟ್ರೇಶನ್ ವರ್ಷ ವರ್ಷದ್ದು, ಅಲ್ಲೂ ಓದಿನ ಪಾಯಿಂಟ್ ಕೇಳುತ್ತಾರೆ. ಡೇಟ್ ಮುಗಿದ ಕಾಗದ ಹಿಡಿದು ವಿಮಾನ ಹತ್ತುವುದು ಮೂರ್ಖತನ. ಕಟ್ಟು ಅಂದೆ. ಬಿಡಿ ಕೋರ್ಸುಗಳಲ್ಲೇ ಮುಗಿಸು, ಸ್ಪೆಷಲೈಸೇಶನ್ ಅಲ್ಲಿ ಹೋಗಿ ದಿರ್ಹಮ್ ಎಣಿಸುವಾಗ ಮಾಡು ಅಂದೆ. ಇನ್ನೊಂದು ಎಚ್ಚರಿಕೆ ಹೇಳಿದೆ, ನಿಮಗೂ ಹೇಳುತ್ತೇನೆ: ಪಾಸ್‌ಪೋರ್ಟ್, ಟ್ರೇನರ್ ಸರ್ಟಿಫಿಕೇಟ್, ಸಿಪಿಆರ್ ಕಾರ್ಡ್, ಮೂರರಲ್ಲೂ ಹೆಸರು ಒಂದೇ ಥರ ಇರಲಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಅಪ್ಪನ ಹೆಸರು ಪೂರ್ತಿ. ನಮಗೆ ಅರ್ಥವಾಗುತ್ತದೆ, ಅವರ ಕಂಪ್ಯೂಟರಿಗೆ ಆಗುವುದಿಲ್ಲ.

ರಾಯಚೂರಿನ ತಂಗಿಗೆ ಬಿಡು ಅಂದೆ. ಜಗಳ ಶುರುವಾದದ್ದೇ ಇಲ್ಲಿ. ಅವಳದು ಇಸ್ಸಾ. ಮನೆ, ಮಗು, ಬೆಳಗಿನ ಎರಡು ಬ್ಯಾಚು, ಊರು ಬಿಡುವ ಮಾತೇ ಇಲ್ಲ. ಇಂಗ್ಲಿಷ್ ಓದುವುದು ಅವಳಿಗೆ ಹಿಂಸೆ. ಅವಳ ಬ್ಯಾಚಿಗೆ ಬರುವವರು ಒಬ್ಬರ ಮಾತು ಕೇಳಿ ಇನ್ನೊಬ್ಬರು ಬಂದವರು, ಸರ್ಟಿಫಿಕೇಟ್ ನೋಡಿ ಬಂದವರಲ್ಲ. ಅದೇ ದುಡ್ಡಿನಲ್ಲಿ ಕೈಯಿಂದ ಮಾಡಿಸುವ ಸಿಪಿಆರ್ ಕ್ಲಾಸ್ ಮಾಡು, ಉಳಿದದ್ದರಲ್ಲಿ ಬಾಣಂತನ ಮುಗಿಸಿ ಬರುವವರಿಗೆ ಹೇಗೆ ಮಾಡಿಸಬೇಕು ಅಂತ ಯಾರಾದರೂ ಒಳ್ಳೆ ಫಿಸಿಯೋ ಹತ್ತಿರ ನಾಲ್ಕು ದಿನ ಕೂತು ಕಲಿ ಅಂದೆ. "ಅಂದ್ರ ನನ್ನ ಸರ್ಟಿಫಿಕೇಟಿಗೆ ಬೆಲೆನೇ ಇಲ್ಲೇನಣ್ಣ?" ಅಂದಳು. ಇದೆ ತಂಗಿ. ಆ ಓದು ನಿನ್ನ ತಲೆಯಲ್ಲಿದೆ, ಅದಕ್ಕೆ ಡೇಟ್ ಇಲ್ಲ. ಒಂದು ಮಾತ್ರ, ಡೇಟ್ ಮುಗಿದ ಮೇಲೆ ಬೋರ್ಡಿನಲ್ಲಿ "ಸರ್ಟಿಫೈಡ್" ಅಂತ ಹಾಕಿಕೊಳ್ಳಬಾರದು, ಅದು ಸುಳ್ಳಾಗುತ್ತದೆ. ಆ ಒಂದು ಪದಕ್ಕೆ ಒಂಬತ್ತು ಸಾವಿರ ಕೊಡಬೇಕು ಅನಿಸಿದರೆ ಕೊಡು, ನಾನು ಬೇಡ ಅನ್ನುವುದಿಲ್ಲ. ಅವಳು ಇನ್ನೂ ಯೋಚಿಸುತ್ತಿದ್ದಾಳೆ. ಸಿಪಿಆರ್ ಕ್ಲಾಸಿಗೆ ಮಾತ್ರ ಹೆಸರು ಕೊಟ್ಟಿದ್ದಾಳೆ.

ನಿಜಕ್ಕೂ ಕಷ್ಟ ಆದದ್ದು ಬಳ್ಳಾರಿಯ ಹುಡುಗನದು. ಏಸ್ ಸರ್ಟಿಫಿಕೇಟ್, ಕಡಿಮೆ ಸಂಬಳ, ಈಗಿನ ಜಿಮ್‌ನಲ್ಲಿ ಯಾರೂ ಡೇಟ್ ಕೇಳುವುದಿಲ್ಲ. ಮುಂದಿನ ವರ್ಷ ಬೆಂಗಳೂರು ನೋಡೋಣ ಅಂತ ಒಂದು ಮನಸ್ಸು, ಅಮ್ಮನನ್ನು ಬಿಟ್ಟು ಹೇಗೆ ಹೋಗೋದು ಅಂತ ಇನ್ನೊಂದು ಮನಸ್ಸು. ಬರೀ ಲೆಕ್ಕ ನೋಡಿದರೆ ಬಿಡಬೇಕು. ಆದರೆ ಬಿಟ್ಟ ಮೇಲೆ ಬೆಂಗಳೂರಿನ ಮನಸ್ಸು ಗೆದ್ದರೆ ಮತ್ತೆ ಪರೀಕ್ಷೆ ಬರೆಯಬೇಕು. ಅದಕ್ಕೆ ಕಟ್ಟು ಅಂದೆ, ಆದರೆ ಅತಿ ಅಗ್ಗದ ದಾರಿಯಲ್ಲಿ. ಬಂಡಲ್ ಬೇಡ, ಸ್ಪೆಷಲೈಸೇಶನ್ ಬೇಡ. ಜಿಮ್ ಓನರ್ ಹತ್ತಿರ ಹೋಗಿ ಅರ್ಧ ಕೊಡ್ತೀರಾ ಸರ್ ಅಂತ ಕೇಳು ಅಂದೆ. ಕೇಳಲು ಅವನಿಗೆ ಸಂಕೋಚ. ಕೇಳಿದ. ಓನರ್ ಫೀ ಕೊಡಲಿಲ್ಲ, ಆದರೆ ಸಿಪಿಆರ್ ಕ್ಲಾಸಿನ ದುಡ್ಡು ಕೊಡಲು ಒಪ್ಪಿದರು, ಎರಡು ದಿನ ಸಂಬಳ ಹಿಡಿಯದೆ ರಜೆಯನ್ನೂ ಕೊಟ್ಟರು. ಕೇಳದೆ ಇದ್ದಿದ್ದರೆ ಅದೂ ಇರುತ್ತಿರಲಿಲ್ಲ.

ಅವನಿಗೆ ಇನ್ನು ನಲವತ್ತು ದಿನ ಇದೆ. ಹದಿಮೂರು ಗಂಟೆಯ ಓದು ಮುಗಿದಿದೆ, ಏಳು ಬಾಕಿ. ಡೆಬಿಟ್ ಕಾರ್ಡಿನಲ್ಲಿ ಇಂಟರ್‌ನ್ಯಾಶನಲ್ ಪೇಮೆಂಟ್ ಆಫ್ ಆಗಿತ್ತು, ಬ್ಯಾಂಕ್ ಆ್ಯಪ್‌ನಲ್ಲಿ ಮೊನ್ನೆ ಆನ್ ಮಾಡಿಸಿದೆ. ಕೊನೆ ರಾತ್ರಿ ಇದು ಗೊತ್ತಾದವರ ಗೋಳು ನಾನು ನೋಡಿದ್ದೇನೆ. ಬರುವ ಭಾನುವಾರ ಬೆಂಗಳೂರಿನಲ್ಲಿ ಸಿಪಿಆರ್ ಕ್ಲಾಸ್. ಶನಿವಾರ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ತೆಗೆದಿದ್ದಾನೆ, ವೇಟಿಂಗ್ ಲಿಸ್ಟ್ 14.